ಊಟ ಆದ್ಮೇಲೆ ಹತ್ತು ನಿಮಿಷ

ರಾತ್ರಿ ಊಟ ಮುಗಿಸಿ ಕೈ ತೊಳೆದ ಮೇಲೆ ನೀವು ಏನು ಮಾಡುತ್ತೀರಿ? ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ಸೋಫಾ, ಟಿವಿ, ಕೈಯಲ್ಲಿ ಫೋನು, ಆಮೇಲೆ ನಿದ್ದೆ. ಹೊಟ್ಟೆ ತುಂಬಾ ಅನ್ನ, ಮುದ್ದೆ, ಚಪಾತಿ ಇಳಿಯುವ ಹೊತ್ತೂ ಅದೇ, ಮೈ ಒಂದಿಷ್ಟೂ ಅಲ್ಲಾಡದ ಹೊತ್ತೂ ಅದೇ. ಆರೋಗ್ಯಕ್ಕೆ ಅಂತ ಒಂದೇ ಒಂದು ಹೊಸ ಅಭ್ಯಾಸ ಮಾಡಿಕೊಳ್ಳಬೇಕು, ಯಾವುದು ಹೇಳಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ: ಸೋಫಾ ಮೇಲೆ ಕೂರುವ ಮುಂಚೆ ಹತ್ತು ನಿಮಿಷ ನಡೆಯಿರಿ. ಜಿಮ್ ಬೇಡ, ಹೊಸ ಬಟ್ಟೆ ಬೇಡ, ಬೆಳಗ್ಗೆ ಐದಕ್ಕೆ ಅಲಾರಂ ಬೇಡ.

ಇಷ್ಟಕ್ಕೇ ಏನಾಗುತ್ತೆ ಅನ್ನಿಸುವುದು ಸಹಜ. ಏನಾಗುತ್ತೆ ಅಂತ ನೋಡೋಣ.

ನಾವು ತಿಂದ ಅನ್ನ, ರೊಟ್ಟಿ ಕರಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಊಟ ಶುರು ಮಾಡಿದ ಮೇಲೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ರಕ್ತದ ಸಕ್ಕರೆ ಅತಿ ಮೇಲಕ್ಕೆ ಹೋಗಿರುತ್ತದೆ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ತಡವಾಗಿ, ಇನ್ನೂ ಎತ್ತರಕ್ಕೆ. ಈ ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುವುದು ನಮ್ಮ ಸ್ನಾಯುಗಳು. ಅದರಲ್ಲೂ ತೊಡೆ, ಪಿರ್ರೆ, ಮೀನಖಂಡದ ದೊಡ್ಡ ಸ್ನಾಯುಗಳು. ಆದರೆ ಗ್ಲೂಕೋಸ್ ತಾನಾಗಿಯೇ ಸ್ನಾಯುವಿನ ಜೀವಕೋಶದೊಳಗೆ ನುಗ್ಗಲಾರದು. ಅದನ್ನು ಒಳಗೆ ಬಿಡಲು ಗ್ಲೂಟ್ 4 ಅನ್ನುವ ಪ್ರೋಟೀನ್ ಇದೆ. ಸುಮ್ನೆ ಕೂತಿದ್ದಾಗ ಅದು ಜೀವಕೋಶದ ಒಳಗಡೆಯೇ ಇರುತ್ತದೆ. ಇನ್ಸುಲಿನ್ ಅನ್ನುವ ಹಾರ್ಮೋನು ಬಂದು ಕರೆದರೆ ಹೊರಮೈಗೆ ಬಂದು ದಾರಿ ಬಿಡುತ್ತದೆ.

ಇನ್ಸುಲಿನ್ ಬರುವುದು ಮುಂಬಾಗಿಲಿನಿಂದ ಅಂದುಕೊಂಡರೆ, ಸ್ನಾಯುಗಳಿಗೆ ಹಿತ್ತಲ ಬಾಗಿಲೂ ಒಂದಿದೆ. ಕಾಲು ಮಡಿಚಿ ಚಾಚಿ ಕೆಲಸ ಮಾಡತೊಡಗಿದ ಕೂಡಲೇ ಗ್ಲೂಟ್ 4 ಇನ್ಸುಲಿನ್‌ಗೆ ಕಾಯದೆ ಹೊರಮೈಗೆ ಬರುತ್ತದೆ, ಸಕ್ಕರೆ ಒಳಗೆ ಹೋಗುತ್ತದೆ. ಟೈಪ್ 2 ಸಕ್ಕರೆ ಕಾಯಿಲೆಯವರಲ್ಲಿ ಇನ್ಸುಲಿನ್ ಎಷ್ಟು ಕರೆದರೂ ಸ್ನಾಯು ಸರಿಯಾಗಿ ಓಗೊಡುವುದಿಲ್ಲ. ಆದರೆ ಈ ಎರಡನೇ ದಾರಿ ಅವರಲ್ಲೂ ಕೆಲಸ ಮಾಡುತ್ತದೆ. ನನಗೆ ಇಡೀ ವಿಷಯದಲ್ಲಿ ಅತಿ ಹೆಚ್ಚು ಭರವಸೆ ಕೊಟ್ಟ ಸಂಗತಿ ಇದು. ಸಕ್ಕರೆ ಬಂದುಬಿಟ್ಟಿದೆ, ಇನ್ನೇನು ಮಾಡೋಕಾಗುತ್ತೆ ಅಂತ ಕೈಚೆಲ್ಲಿ ಕೂತವರಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕು.

ಹಾಗಾದರೆ ಬೆಳಗ್ಗೆ ಅರ್ಧ ಗಂಟೆ ವಾಕ್ ಮಾಡಿದರೂ ಆಯಿತಲ್ಲ, ಊಟದ ನಂತರವೇ ಯಾಕೆ? ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಇದೇ ಪ್ರಶ್ನೆ ಇಟ್ಟುಕೊಂಡು ಒಂದು ಅಧ್ಯಯನ ಮಾಡಿದರು, 2016ರಲ್ಲಿ ಪ್ರಕಟವಾಯಿತು. ಟೈಪ್ 2 ಸಕ್ಕರೆ ಕಾಯಿಲೆಯ 41 ಜನ. ಎರಡು ವಾರ ಅವರಿಗೆ ದಿನದಲ್ಲಿ ಯಾವಾಗ ಬೇಕಾದರೂ 30 ನಿಮಿಷ ನಡೆಯಿರಿ ಎಂದರು. ಇನ್ನೆರಡು ವಾರ ಅದೇ ಜನರಿಗೆ ಪ್ರತಿ ಮುಖ್ಯ ಊಟದ ನಂತರ 10 ನಿಮಿಷ ನಡೆಯಿರಿ ಎಂದರು. ನಡೆಯಲು ಹೇಳಿದ ಒಟ್ಟು ಹೊತ್ತು ಒಂದೇ, ಹಂಚಿದ್ದು ಬೇರೆ. ಊಟದ ನಂತರ ನಡೆದಾಗ, ಊಟದ ಬಳಿಕ ಏರುವ ಸಕ್ಕರೆ ಸರಾಸರಿ 12% ಕಡಿಮೆ ಇತ್ತು. ರಾತ್ರಿ ಊಟದ ನಂತರವಂತೂ 22% ಕಡಿಮೆ. ಯಾಕೆಂದರೆ ಅಲ್ಲಿಯವರೂ ರಾತ್ರಿಯೇ ಜಾಸ್ತಿ ಹಿಟ್ಟಿನ ಪದಾರ್ಥ ತಿನ್ನುತ್ತಿದ್ದರು, ತಿಂದು ಕೂತುಬಿಡುತ್ತಿದ್ದರು. ನಮ್ಮ ಹಾಗೆಯೇ. 41 ಜನ ಅಂದರೆ ದೊಡ್ಡ ಸಂಖ್ಯೆಯಲ್ಲ, ನಿಜ. ಆದರೆ ಇದಕ್ಕೂ ಮುಂಚೆ, 2013ರಲ್ಲಿ, ಅಮೆರಿಕದಲ್ಲಿ ಅರವತ್ತು ದಾಟಿದ ಹತ್ತು ಜನರ ಮೇಲೆ ನಡೆದ ಇನ್ನೂ ಚಿಕ್ಕ ಅಧ್ಯಯನದಲ್ಲೂ ರಾತ್ರಿ ಊಟದ ನಂತರದ ನಡಿಗೆಯೇ ಎದ್ದು ಕಂಡಿತ್ತು. ಸ್ನಾಯು ಕೆಲಸ ಮಾಡುವ ರೀತಿ ಗೊತ್ತಿದ್ದವರಿಗೆ ಇದು ಆಶ್ಚರ್ಯವೂ ಅಲ್ಲ.

ನಮ್ಮ ಅಜ್ಜಿಯರು ಊಟ ಆದ ಮೇಲೆ ನೂರು ಹೆಜ್ಜೆ ನಡಿ ಎನ್ನುತ್ತಿದ್ದರು ಅಲ್ವಾ? ಆಯುರ್ವೇದದಲ್ಲೂ ಈ ಮಾತಿದೆ. ಅವರು ಹೇಳಿದ ಸಮಯ ಸರಿಯಾಗಿಯೇ ಇತ್ತು. ಆದರೆ ಸಾಧಾರಣ ನಡಿಗೆಯಲ್ಲಿ ನೂರು ಹೆಜ್ಜೆ ಒಂದೇ ನಿಮಿಷಕ್ಕೆ ಮುಗಿದುಹೋಗುತ್ತದೆ. ಹೊಲದಲ್ಲಿ ದಿನವಿಡೀ ಬಾಗಿ ಎದ್ದು ಬಂದವರಿಗೆ ಅದು ಸಾಕಿತ್ತೇನೋ, ಹಗಲೆಲ್ಲ ಕುರ್ಚಿಯಲ್ಲಿ ಕೂತು ಬಂದ ನಮಗೆ ಒಂದು ಸಾವಿರವಾದರೂ ಬೇಕು. ಹತ್ತು ನಿಮಿಷ ಅಂದರೆ ಹೆಚ್ಚುಕಡಿಮೆ ಅಷ್ಟೇ.

ನಮಗೆ ಇದು ಯಾಕೆ ಇನ್ನೂ ಮುಖ್ಯ ಅನ್ನುವುದಕ್ಕೆ ಎರಡು ಕಾರಣ ಇವೆ. ಒಂದು, ಸಂಖ್ಯೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇನ್ನೊಂದು, ನಮ್ಮ ಮೈಕಟ್ಟು. 2004ರಲ್ಲಿ ಪುಣೆಯ ಡಾ. ಯಾಜ್ನಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮಿಬ್ಬರ ಫೋಟೋವನ್ನೇ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ: 22.3. ಆದರೆ ಮೈಯಲ್ಲಿನ ಕೊಬ್ಬು ಅಳೆದರೆ ಯುಡ್ಕಿನ್‌ಗೆ 9.1%, ಯಾಜ್ನಿಕ್‌ಗೆ 21.2%. ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ. ಸಕ್ಕರೆಯನ್ನು ಎಳೆದುಕೊಳ್ಳುವ ಜಾಗವೇ ಕಡಿಮೆ ಇರುವಾಗ, ಇರುವಷ್ಟನ್ನಾದರೂ ಸರಿಯಾದ ಹೊತ್ತಿಗೆ ಎಬ್ಬಿಸಬೇಕು. ನಾನು ಸಣ್ಣಗಿದ್ದೀನಿ, ನನಗೇನೂ ಆಗಲ್ಲ ಅಂದುಕೊಂಡು ಓದುತ್ತಿರುವವರೇ, ಇದು ನಿಮಗೂ ಸೇರಿದ ಮಾತು.

ಚೂರುಪಾರು ನಡೆದರೆ ಲೆಕ್ಕಕ್ಕಿಲ್ಲ, ನಡೆದರೆ ಹತ್ತು ಸಾವಿರ ಹೆಜ್ಜೆ ನಡೆಯಬೇಕು ಅಂತ ನಂಬಿ ಏನೂ ಮಾಡದೆ ಉಳಿದವರು ಬಹಳ. ಆ ಹತ್ತು ಸಾವಿರ ಬಂದದ್ದು ಯಾವ ಪ್ರಯೋಗಾಲಯದಿಂದಲೂ ಅಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಲ್ಲಿ ಆ ಸಂಖ್ಯೆ ಇತ್ತು. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ 16,741 ಮಹಿಳೆಯರ ಹೆಜ್ಜೆ ಎಣಿಸಿದ ಅಧ್ಯಯನ ಬಂತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆ ಇತ್ತು. 7,500ರ ಹತ್ತಿರಕ್ಕೆ ಬಂದ ಮೇಲೆ ಲಾಭ ಹೆಚ್ಚುವುದು ನಿಂತಿತು. ಅಂದರೆ ಕಡಿಮೆ ನಡೆಯುವವರು ದಿನಕ್ಕೆ ಸುಮಾರು 1,700 ಹೆಜ್ಜೆ ಸೇರಿಸಿದರೂ ಅದು ಲೆಕ್ಕಕ್ಕೆ ಬರುತ್ತದೆ.

ಇದಕ್ಕಿಂತ ಹಳೆಯ ಕಥೆ ಒಂದಿದೆ, ನನಗೆ ತುಂಬಾ ಇಷ್ಟವಾದದ್ದು. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಡ್ರೈವರ್ ದಿನವಿಡೀ ಕೂತಿರುತ್ತಿದ್ದ, ಕಂಡಕ್ಟರ್ ಟಿಕೆಟ್ ಕೊಡುತ್ತಾ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದ್ದ, ದಿನಕ್ಕೆ 500ರಿಂದ 750 ಮೆಟ್ಟಿಲು. ಇಬ್ಬರದೂ ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ಥರದ ಬದುಕು. ಜೆರ್ರಿ ಮಾರಿಸ್ ಎಂಬ ವೈದ್ಯ ವಿಜ್ಞಾನಿ 1953ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ, ಬಂದರೂ ತಡವಾಗಿ, ಅಷ್ಟು ಮಾರಕವಲ್ಲದ ರೀತಿಯಲ್ಲಿ. ಡ್ರೈವರ್ ಕೆಲಸಕ್ಕೆ ಸೇರುವಾಗಲೇ ದಪ್ಪಗಿದ್ದವರು ಸೇರುತ್ತಿದ್ದರೋ ಏನೋ ಅಂತ ಅನುಮಾನ ಬರುತ್ತದೆ ಅಲ್ವಾ? ಮಾರಿಸ್‌ಗೂ ಬಂತು. ಅವರು ಬಸ್ ಕಂಪನಿಯ ಯೂನಿಫಾರ್ಮ್ ದಾಖಲೆ ತೆಗೆಸಿ ಪ್ಯಾಂಟಿನ ಸೊಂಟದ ಅಳತೆಗಳನ್ನೆಲ್ಲ ನೋಡಿದರು. ಡ್ರೈವರುಗಳ ಸೊಂಟ ನಿಜಕ್ಕೂ ದಪ್ಪ ಇತ್ತು, ಅದನ್ನೂ 1956ರಲ್ಲಿ ಬರೆದರು. ಅಂಚೆ ಹಂಚುವವರನ್ನು ಮತ್ತು ಕೂತು ಕೆಲಸ ಮಾಡುವ ಗುಮಾಸ್ತರನ್ನು ಹೋಲಿಸಿದಾಗಲೂ ಚಿತ್ರ ಹಾಗೇ ಬಂತು. ಕಂಡಕ್ಟರಿಗೆ ವ್ಯಾಯಾಮ ಮಾಡುವ ಮನಸ್ಸು ಇತ್ತೋ ಇಲ್ಲವೋ ಯಾರೂ ಕೇಳಲಿಲ್ಲ. ಕೆಲಸದೊಳಗೇ ನಡಿಗೆ ಸೇರಿಕೊಂಡಿತ್ತು.

ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಅಭ್ಯಾಸ ನಿಲ್ಲುವುದು ಮನಸ್ಸಿನ ಗಟ್ಟಿತನದಿಂದ ಅಂತ ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಬಿಟ್ಟುಹೋದರೆ ಸೋಮಾರಿ ಅಂತ ಬೈಸಿಕೊಳ್ಳುತ್ತೇವೆ, ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ. ಅಭ್ಯಾಸ ಕುರಿತು ಸಂಶೋಧನೆ ಮಾಡಿದವರು ಹೇಳುವುದು ಬೇರೆ. ಅಭ್ಯಾಸ ಗಟ್ಟಿಯಾಗಲು ಬೇಕಾದ್ದು ಒಂದು ಕೊಂಡಿ: ಅದೇ ಜಾಗ, ಅದೇ ಹೊತ್ತು, ಅದೇ ಮುಂಚಿನ ಕೆಲಸ. ಅಮೆರಿಕದಲ್ಲಿ ವೆಂಡಿ ವುಡ್ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಸಿನಿಮಾಗೆ ಬಂದ ಕೆಲವರಿಗೆ ತಾಜಾ ಪಾಪ್‌ಕಾರ್ನ್, ಕೆಲವರಿಗೆ ಏಳು ದಿನದ ಹಳಸಲು ಪಾಪ್‌ಕಾರ್ನ್ ಕೊಟ್ಟರು. ಥಿಯೇಟರಿನಲ್ಲಿ ಪಾಪ್‌ಕಾರ್ನ್ ತಿಂದು ರೂಢಿ ಇದ್ದವರು ಹಳಸಲನ್ನೂ ತಾಜಾದಷ್ಟೇ ತಿಂದರು. ಚೆನ್ನಾಗಿಲ್ಲ ಅಂತ ಗೊತ್ತಾದರೂ ಕೈ ನಿಲ್ಲಲಿಲ್ಲ. ಇಂಥದ್ದೇ ಜನರಿಗೆ ಮೀಟಿಂಗ್ ರೂಮಿನಲ್ಲಿ ವಿಡಿಯೋ ತೋರಿಸುತ್ತಾ ಕೊಟ್ಟಾಗ ಹಾಗೆ ತಿನ್ನಲಿಲ್ಲ. ಥಿಯೇಟರಿನಲ್ಲೇ ಇನ್ನೊಂದು ಕೈಯಿಂದ ತಿನ್ನಿ ಅಂದಾಗಲೂ ಕಡಿಮೆ ತಿಂದರು. ಜಾಗ ಮತ್ತು ಕೈ ಸೇರಿ ತಿನ್ನಿಸುತ್ತಿದ್ದವು, ಹಸಿವೂ ಅಲ್ಲ, ರುಚಿಯೂ ಅಲ್ಲ.

ಕೆಟ್ಟದ್ದಕ್ಕೆ ಇಷ್ಟು ಬಲವಾಗಿ ಕೆಲಸ ಮಾಡುವ ಕೊಂಡಿ ಒಳ್ಳೆಯದಕ್ಕೂ ಮಾಡುತ್ತದೆ. ಊಟಕ್ಕಿಂತ ಗಟ್ಟಿ ಕೊಂಡಿ ನಮ್ಮ ದಿನದಲ್ಲಿ ಇನ್ನೊಂದಿಲ್ಲ. ವಾಕ್ ಮರೆಯಬಹುದು, ಊಟ ಯಾರೂ ಮರೆಯುವುದಿಲ್ಲ. "ನಾಳೆಯಿಂದ ವಾಕ್ ಮಾಡ್ತೀನಿ" ಅನ್ನುವುದಕ್ಕೆ ತಗಲಿಕೊಳ್ಳಲು ಜಾಗವೇ ಇಲ್ಲ. "ತಟ್ಟೆ ಸಿಂಕಿಗೆ ಹಾಕಿದ ಕೂಡಲೇ ಚಪ್ಪಲಿ ಹಾಕ್ತೀನಿ" ಅಂದರೆ ಇದೆ.

ಎಷ್ಟು ದಿನ ಬೇಕು? 21 ದಿನ ಅಂತ ಎಲ್ಲ ಕಡೆ ಹೇಳುತ್ತಾರೆ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ, ತನ್ನ ರೋಗಿಗಳು ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಬೇಕಾಗುತ್ತದೆ ಅಂತ ಬರೆದದ್ದು, ಬಾಯಿಂದ ಬಾಯಿಗೆ ಹೋಗಿ ಕನಿಷ್ಠ ಅನ್ನುವುದೂ ಕಳೆದುಹೋಗಿ ಹೀಗಾಯಿತು. ನಿಜಕ್ಕೂ ಅಳೆದು ನೋಡಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು. 96 ಜನ, 84 ದಿನ, ದಿನಕ್ಕೊಂದು ಸಣ್ಣ ಕೆಲಸ, ದಿನದ ಒಂದೇ ಸಂದರ್ಭಕ್ಕೆ ಕಟ್ಟಿ. ಅದು ತಾನಾಗಿಯೇ ನಡೆಯುವಂತಾಗಲು ಹಿಡಿದದ್ದು ಸುಮಾರು 66 ದಿನ. ಈ ಲೆಕ್ಕ ಚೆನ್ನಾಗಿ ಕೂತದ್ದು 39 ಜನರಿಗೆ ಮಾತ್ರ, ಅವರೊಳಗೂ 18 ದಿನದಿಂದ 254 ದಿನದವರೆಗೆ ವ್ಯತ್ಯಾಸ. ಆ 254 ಅಂತೂ ಅಧ್ಯಯನದ ಅವಧಿಯನ್ನೇ ಮೀರಿದ ಅಂದಾಜು. ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ಕೂತಿತು, ವ್ಯಾಯಾಮ ತಡವಾಯಿತು. ಹಾಗಾಗಿ ತಿಂಗಳಾದರೂ ಇನ್ನೂ ನೆನಪಿಸಿಕೊಂಡೇ ಹೊರಡಬೇಕಾಗುತ್ತಿದೆ ಅಂದರೆ ನಿಮ್ಮಲ್ಲಿ ಏನೂ ತಪ್ಪಿಲ್ಲ. ಅವರ ಇನ್ನೊಂದು ಮಾತು ನನಗೆ ಇದಕ್ಕಿಂತ ದೊಡ್ಡದು: ಮಧ್ಯೆ ಒಂದು ದಿನ ತಪ್ಪಿದರೆ ಅಭ್ಯಾಸ ಗಟ್ಟಿಯಾಗುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗಲಿಲ್ಲ. ಮದುವೆಗೆ ಹೋದಿರಿ, ಜಾತ್ರೆ ಬಂತು, ಜ್ವರ ಬಂತು, ನಡಿಗೆ ತಪ್ಪಿತು. ಮರುದಿನ ಊಟ ಇದ್ದೇ ಇರುತ್ತದೆ, ಕೊಂಡಿಯೂ ಅಲ್ಲೇ ಇರುತ್ತದೆ.

ಈಗ ನಿಜವಾದ ತೊಡಕುಗಳು. ರಾತ್ರಿ ರಸ್ತೆಯಲ್ಲಿ ಬೀದಿ ನಾಯಿ, ಫುಟ್‌ಪಾತ್ ಇಲ್ಲ, ದೀಪ ಇಲ್ಲ. ಹಾಗಿದ್ದರೆ ಟೆರೇಸ್ ಮೇಲೆ ನಡೆಯಿರಿ, ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ನಡೆಯಿರಿ. ಮಲೆನಾಡಿನ ಆಷಾಢದ ಮಳೆಯಲ್ಲಿ ಜಗಲಿ, ಹಾಲ್ ಸಾಕು. ಸ್ನಾಯುವಿಗೆ ನೆಲ ಯಾವುದಾದರೇನು. ಬಿರುಸಾಗಿ ನಡೆಯಬೇಕೆಂದೂ ಇಲ್ಲ, ಮಾತಾಡುತ್ತಾ ನಡೆಯುವಷ್ಟು ವೇಗ ಸಾಕು. ಹೊಟ್ಟೆ ಬಿರಿಯುವಷ್ಟು ತಿಂದು ಓಡಲು ಹೋಗಬೇಡಿ.

ಮನೆಯ ಹೆಂಗಸರ ವಿಷಯ ಬೇರೆಯಾಗಿಯೇ ಹೇಳಬೇಕು. ಗಂಡ ಊಟ ಮಾಡಿ ವಾಕ್ ಹೋಗುತ್ತಾನೆ, ಹೆಂಡತಿ ಕೊನೆಗೆ ಊಟ ಮಾಡಿ, ಪಾತ್ರೆ ತೊಳೆದು, ಒಲೆ ಒರೆಸಿ, ನಾಳೆಗೆ ಕಾಳು ನೆನೆಹಾಕಿ, ಅಷ್ಟೊತ್ತಿಗೆ ಹತ್ತೂವರೆ. ಈ ಅಭ್ಯಾಸದ ಲಾಭ ಮನೆಯಲ್ಲಿ ಒಬ್ಬರಿಗೇ ಸಿಗುವುದು ನನಗೆ ಒಪ್ಪಿಗೆಯಾಗದ ಮಾತು. ಎಲ್ಲರೂ ಒಟ್ಟಿಗೆ ಉಂಡು, ಎಲ್ಲರೂ ಸೇರಿ ಹತ್ತು ನಿಮಿಷದಲ್ಲಿ ಅಡುಗೆಮನೆ ಮುಗಿಸಿ, ಒಟ್ಟಿಗೆ ಹೊರಡಿ. ಪಾತ್ರೆ ತೊಳೆಯಲು ನಿಲ್ಲುವುದೂ ಕೂರುವುದಕ್ಕಿಂತ ಮೇಲೇ. ಜೊತೆ ಇದ್ದರೆ ನಡಿಗೆ ತಪ್ಪುವುದೂ ಕಡಿಮೆ.

ಮಧ್ಯಾಹ್ನ ಆಫೀಸಿನಲ್ಲಿ ಡಬ್ಬಿ ಬಿಚ್ಚಿ ಉಣ್ಣುವವರು ಲಿಫ್ಟ್ ಬಿಟ್ಟು ಒಂದು ಸುತ್ತು ಹಾಕಿ ಬಂದರೆ ಆಯಿತು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಶುರು ಮಾಡುವ ಮುಂಚೆ ಡಾಕ್ಟರಿಗೆ ಹೇಳಿ, ಬೆವರು, ನಡುಕ, ತಲೆಸುತ್ತು ಬಂದರೆ ತಕ್ಷಣ ಸಿಹಿ ಏನಾದರೂ ಬಾಯಿಗೆ ಹಾಕಿಕೊಳ್ಳಿ. ಪಾದ ಜೋಮು ಹಿಡಿದವರು ಬರಿಗಾಲಲ್ಲಿ ನಡೆಯಲೇಬಾರದು, ಮನೆಯೊಳಗೂ. ಊಟದ ನಂತರ ನಡೆದಾಗ ಎದೆ ಬಿಗಿಯುತ್ತದೆ ಅಂದರೆ ಅದು ಗ್ಯಾಸ್ ಅಂತ ನೀವೇ ತೀರ್ಮಾನ ಮಾಡಬೇಡಿ, ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದವರು ಇದನ್ನು ನೀವೇ ಪರೀಕ್ಷೆ ಮಾಡಬಹುದು. ಒಂದು ರಾತ್ರಿ ಎಂದಿನ ಊಟ ಮಾಡಿ ಕೂತಿರಿ, ಒಂದೂವರೆ ಗಂಟೆಗೆ ಬೆರಳು ಚುಚ್ಚಿ ನೋಡಿ. ಇನ್ನೊಂದು ರಾತ್ರಿ ಅದೇ ಊಟ, ಅಷ್ಟೇ ಅನ್ನ, ಆಮೇಲೆ ನಡಿಗೆ, ಅಷ್ಟೇ ಹೊತ್ತಿಗೆ ಮತ್ತೆ ನೋಡಿ. ಒಂದು ಸಲದ ಸಂಖ್ಯೆ ನಂಬಬೇಡಿ, ಎರಡೂ ಥರ ಮೂರ್ನಾಲ್ಕು ಸಲ ಮಾಡಿ ಬರೆದಿಡಿ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಆ ಚೀಟಿ ತೆಗೆದುಕೊಂಡು ಹೋಗಿ.