ಹಳೇ ಡೆಸ್ಕ್‌ಟಾಪ್‌ಗೆ ಎರಡನೇ ಮಾನಿಟರ್: ಮೊದಲು ಸಿಪಿಯು ಬೆನ್ನು ನೋಡಿ

ಪ್ರಶ್ನೆ: ನನ್ನ ಡೆಸ್ಕ್‌ಟಾಪ್ ತಗೊಂಡು ಹನ್ನೆರಡು ವರ್ಷವಾಯ್ತು. ಒಂದು ಕಡೆ ಟ್ಯಾಲಿ, ಇನ್ನೊಂದು ಕಡೆ ಜಿಎಸ್‌ಟಿ ಪೋರ್ಟಲ್ ತೆರೆದಿಟ್ಟುಕೊಂಡು ಕೆಲಸ ಮಾಡುವ ಆಸೆ. ಮನೆಯಲ್ಲಿ ಹಳೇ ಮಾನಿಟರ್ ಒಂದು ಸುಮ್ಮನೆ ಬಿದ್ದಿದೆ. ಅದನ್ನೂ ಇದಕ್ಕೇ ಜೋಡಿಸಬಹುದೇ, ಇಲ್ಲಾ ಹೊಸ ಕಂಪ್ಯೂಟರೇ ಬೇಕಾ?

ಉತ್ತರ: ಹೆಚ್ಚಿನಂಶ ಜೋಡಿಸಬಹುದು. ಆಗುತ್ತೋ ಇಲ್ಲವೋ ಎಂದು ಹೇಳುವುದು ಕಂಪ್ಯೂಟರಿನ ವಯಸ್ಸಲ್ಲ, ಅದರ ಬೆನ್ನು. ಟೇಬಲ್ ಕೆಳಗೆ ತೂರಿ, ಮೊಬೈಲ್ ಟಾರ್ಚ್ ಹಾಕಿ, ಸಿಪಿಯು ಡಬ್ಬದ ಹಿಂಭಾಗ ನೋಡಿ. ಧೂಳು ಒರೆಸಿ ಒಂದು ಫೋಟೋನೂ ತೆಗೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ನಿಂತು ‘ಅದೇ, ಅಗಲವಾಗಿ ಇರುತ್ತಲ್ಲಾ’ ಎಂದು ಕೈಯಲ್ಲಿ ತೋರಿಸುವ ಕಷ್ಟ ತಪ್ಪುತ್ತದೆ.

ಮಾನಿಟರ್ ಕೇಬಲ್ ಸಿಕ್ಕಿಸುವ ಕಿಂಡಿಗೆ ಪೋರ್ಟ್ ಎನ್ನುತ್ತಾರೆ, ಅದರಲ್ಲಿ ನಾಲ್ಕು ಬಗೆ ಕಾಣಬಹುದು. ನೀಲಿ ಬಣ್ಣದ್ದು, ಮೂರು ಸಾಲಿನಲ್ಲಿ 15 ತೂತು ಇರುವುದು ವಿಜಿಎ. 1987ರಲ್ಲಿ ಐಬಿಎಂ ತಂದದ್ದು, ಇನ್ನೂ ಪೂರ್ತಿ ಸತ್ತಿಲ್ಲ. ಬಿಳಿ ಬಣ್ಣದ ಅಗಲವಾದದ್ದು ಡಿವಿಐ. ಟೀವಿ ಹಿಂದೆ ಇರುತ್ತದಲ್ಲ, ಆ ತೆಳ್ಳನೆಯದು ಎಚ್‌ಡಿಎಂಐ. ಅದೇ ಗಾತ್ರದಲ್ಲಿ ಒಂದು ಮೂಲೆ ಮಾತ್ರ ಕತ್ತರಿಸಿದಂತಿದ್ದರೆ ಡಿಸ್‌ಪ್ಲೇಪೋರ್ಟ್.

ಇವುಗಳಲ್ಲಿ ಎರಡು ಕಂಡರೆ ನಿಮ್ಮ ಅದೃಷ್ಟ ಚೆನ್ನಾಗಿದೆ. 2011ರಲ್ಲಿ ಬಂದ ಇಂಟೆಲ್ ಎರಡನೇ ತಲೆಮಾರಿನ ಐ3, ಐ5 ಪ್ರೊಸೆಸರ್‌ಗಳ ಒಳಗೇ ಇರುವ, ಚಿತ್ರ ಮೂಡಿಸುವ ಭಾಗವಾದ ಗ್ರಾಫಿಕ್ಸೇ ಎರಡು ಪರದೆಗೆ ಬೇರೆ ಬೇರೆ ಚಿತ್ರ ಕೊಡಬಲ್ಲದು. ಮರುವರ್ಷದ ಮೂರನೇ ತಲೆಮಾರಿನದು ಮೂರಕ್ಕೂ ಕೊಡುತ್ತದೆ, ಡಬ್ಬದೊಳಗಿನ ಮುಖ್ಯ ಬೋರ್ಡಿನಲ್ಲಿ (ಮದರ್‌ಬೋರ್ಡ್) ಅಷ್ಟು ಪೋರ್ಟ್ ಇದ್ದರೆ. ಒಂದು ಮಾನಿಟರ್ ವಿಜಿಎಗೆ, ಇನ್ನೊಂದು ಎಚ್‌ಡಿಎಂಐಗೆ ಸಿಕ್ಕಿಸಿದರೆ ಮುಗಿಯಿತು.

ತೊಂದರೆ ಶುರುವಾಗುವುದು ಸಿಪಿಯುನಲ್ಲಿ ಉಳಿದಿರುವ ಪೋರ್ಟ್ ಒಂದು ಬಗೆಯದು, ಹಳೇ ಮಾನಿಟರ್‌ನಲ್ಲಿರುವುದು ಇನ್ನೊಂದು ಬಗೆಯದು ಆದಾಗ. ನಾನು ಎಡವಿದ್ದೂ ಇಲ್ಲೇ. ಒಂದು ತುದಿ ಎಚ್‌ಡಿಎಂಐ, ಇನ್ನೊಂದು ತುದಿ ವಿಜಿಎ, ನಡುವೆ ಬರೀ ವೈರು ಇರುವ ಕೇಬಲ್ ಅಗ್ಗಕ್ಕೆ ಸಿಕ್ಕಿತೆಂದು ತಂದೆ. ಎರಡೂ ಕಡೆ ಅಚ್ಚುಕಟ್ಟಾಗಿ ಕೂತಿತು. ಪರದೆಯ ಮೇಲೆ ‘ನೋ ಸಿಗ್ನಲ್’ ಮಾತ್ರ ಅತ್ತಿಂದಿತ್ತ ತೇಲಾಡುತ್ತಿತ್ತು. ಅರ್ಧ ದಿನ ಮಾನಿಟರ್‌ನ ಮೇಲೆ ಅನುಮಾನಪಟ್ಟೆ, ಪಾಪ.

ಆಗಿದ್ದಿಷ್ಟು: ಎಚ್‌ಡಿಎಂಐನಲ್ಲಿ ಚಿತ್ರ ಹೋಗುವುದು ಡಿಜಿಟಲ್ ಆಗಿ, ಸೊನ್ನೆ-ಒಂದುಗಳಲ್ಲಿ. ವಿಜಿಎಗೆ ಬೇಕಾದದ್ದು ಏರಿಳಿಯುವ ವೋಲ್ಟೇಜು. ಒಂದನ್ನು ಇನ್ನೊಂದಾಗಿ ಬದಲಿಸಲು ನಡುವೆ ಒಂದು ಚಿಪ್ ಬೇಕೇ ಬೇಕು, ತಾಮ್ರದ ತಂತಿಗೆ ಆ ವಿದ್ಯೆ ಬರುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ ಕೇಬಲ್ ಕೇಳಬೇಡಿ, ಕನ್ವರ್ಟರ್ ಕೇಳಿ. ಯಾವುದರಿಂದ ಯಾವುದಕ್ಕೆ ಅಂತಲೂ ಹೇಳಿ. ಎಚ್‌ಡಿಎಂಐನಿಂದ ವಿಜಿಎಗೆ ಹೋಗುವುದನ್ನು ತಿರುಗಿಸಿ ಹಾಕಿದರೆ ನಡೆಯುವುದಿಲ್ಲ. ಸಿಪಿಯು ಕಡೆ ವಿಜಿಎ ಇದ್ದು ಮಾನಿಟರ್ ಕಡೆ ಬರೀ ಎಚ್‌ಡಿಎಂಐ ಇದ್ದರೆ ಬೇಕಾಗುವುದು ಬೇರೆಯೇ ಡಬ್ಬಿ. ಅದಕ್ಕೆ ಸಾಮಾನ್ಯವಾಗಿ ಯುಎಸ್‌ಬಿಯಿಂದ ಕರೆಂಟನ್ನೂ ಕೊಡಬೇಕು.

ಡಿವಿಐನಿಂದ ಎಚ್‌ಡಿಎಂಐಗೆ ಈ ತಲೆನೋವಿಲ್ಲ. ಎರಡೂ ಡಿಜಿಟಲ್, ಸಾದಾ ಕೇಬಲ್ ಸಾಕು. ಡಿವಿಐನಿಂದ ವಿಜಿಎಗೆ ಹೋಗಬೇಕಾದರೆ ಪೋರ್ಟಿನ ಒಂದು ಬದಿಯಲ್ಲಿರುವ ಚಪ್ಪಟೆ ಸೀಳನ್ನು ದಿಟ್ಟಿಸಿ ನೋಡಿ. ಅದರ ಸುತ್ತ ನಾಲ್ಕು ತೂತು ಇದ್ದರೆ ಹೆಬ್ಬೆರಳಿನಷ್ಟು ದೊಡ್ಡ ಸಾದಾ ಅಡಾಪ್ಟರ್ ನಡೆಯುತ್ತದೆ. ಬರೀ ಸೀಳಿದ್ದರೆ ಮತ್ತೆ ಚಿಪ್ ಇರುವ ಕನ್ವರ್ಟರೇ ಗತಿ.

ಇನ್ನೊಂದು ಮಾತು. ವಿಜಿಎ ಕೇಬಲ್‌ನ ತುದಿಯಲ್ಲಿ ನಡು ಸಾಲಿನ ಒಂದು ಕಡ್ಡಿ ಇಲ್ಲದಿದ್ದರೆ ಮುರಿದಿದೆ ಎಂದುಕೊಳ್ಳಬೇಡಿ. ಒಂಬತ್ತನೇ ಪಿನ್ ಎಷ್ಟೋ ಕೇಬಲ್‌ಗಳಲ್ಲಿ ಮೊದಲಿಂದಲೇ ಇರುವುದಿಲ್ಲ. ಬಾಗಿದ ಪಿನ್ ಇದ್ದರೆ ಮಾತ್ರ ಚಿಮಟದಲ್ಲಿ ಮೆಲ್ಲಗೆ ನೆಟ್ಟಗೆ ಮಾಡಿ.

ಹಿಂದೆ ಇರುವುದು ಒಂದೇ ಒಂದು ವಿಜಿಎ ಆದರೆ? ‘ವಿಜಿಎ ಸ್ಪ್ಲಿಟರ್’ ಎಂಬ ವೈ ಆಕಾರದ ಕೇಬಲ್ ತೋರಿಸುತ್ತಾರೆ. ತಗೋಬೇಡಿ. ಎರಡು ಪರದೆಯಲ್ಲೂ ಒಂದೇ ಚಿತ್ರ ಬರುತ್ತದೆ. ಪಾಠ ಮಾಡುವವರಿಗೆ ಸರಿ, ಟ್ಯಾಲಿ ಪಕ್ಕದಲ್ಲಿ ಪೋರ್ಟಲ್ ಬೇಕೆನ್ನುವವರಿಗೆ ದಂಡ. ನನ್ನ ಮತ ಚಿಕ್ಕದೊಂದು ಗ್ರಾಫಿಕ್ಸ್ ಕಾರ್ಡಿಗೆ, ಅಂದರೆ ಡಬ್ಬ ಬಿಚ್ಚಿ ಬೋರ್ಡಿಗೆ ಸಿಕ್ಕಿಸುವ, ತನ್ನದೇ ಮಾನಿಟರ್ ಪೋರ್ಟ್‌ಗಳಿರುವ ಹಲಗೆಗೆ. ಜಿಟಿ 710ನಂಥದು ತಿನ್ನುವುದು 19 ವ್ಯಾಟ್ ಅಷ್ಟೇ, ಪವರ್ ಸಪ್ಲೈಯಿಂದ ಬೇರೆ ವೈರು ಎಳೆಯಬೇಕಿಲ್ಲ. ವಿಜಿಎ, ಡಿವಿಐ, ಎಚ್‌ಡಿಎಂಐ ಮೂರೂ ಇರುವ ಕಾರ್ಡು ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಬಹುದು. ನಿಮ್ಮದು ತೆಳ್ಳನೆಯ ಕ್ಯಾಬಿನೆಟ್ ಆದರೆ ಕಾರ್ಡಿನ ತುದಿಗೆ ಹಾಕುವ ಗಿಡ್ಡ ಲೋಹದ ಪಟ್ಟಿ (ಲೋ ಪ್ರೊಫೈಲ್) ಜೊತೆಗಿದೆಯೇ ಕೇಳಿ, ಇಲ್ಲದಿದ್ದರೆ ಮುಚ್ಚಳ ಮುಚ್ಚುವುದಿಲ್ಲ. ಕಾರ್ಡು ಹಾಕಿದ ಮೇಲೆ ಬೋರ್ಡಿನ ಹಳೇ ಪೋರ್ಟಿಗೆ ಸಿಕ್ಕಿಸಿದ ಪರದೆ ಕಪ್ಪಾದರೆ ಗಾಬರಿ ಬೇಡ, ಎಷ್ಟೋ ಬೋರ್ಡುಗಳು ಆ ಪೋರ್ಟನ್ನು ತಾವಾಗಿಯೇ ಮುಚ್ಚಿಬಿಡುತ್ತವೆ. ಎರಡೂ ಮಾನಿಟರನ್ನು ಕಾರ್ಡಿಗೇ ಸಿಕ್ಕಿಸಿ. ಡಬ್ಬ ಬಿಚ್ಚುವ ಧೈರ್ಯವಿಲ್ಲದವರಿಗೆ ಯುಎಸ್‌ಬಿ ಪೋರ್ಟಿನಿಂದಲೇ ಮಾನಿಟರ್‌ಗೆ ಚಿತ್ರ ಕೊಡುವ ಅಡಾಪ್ಟರ್ ಇದೆ. ಲೆಕ್ಕಪತ್ರಕ್ಕೆ ಸಾಕು, ಹಳೇ ಯುಎಸ್‌ಬಿ 2.0 ಪೋರ್ಟಿನಲ್ಲಿ ವಿಡಿಯೋ ಮಾತ್ರ ಮುಗ್ಗರಿಸುತ್ತದೆ.

ಜೋಡಿಸಿ ಆನ್ ಮಾಡಿದ ಮೇಲೆ ವಿಂಡೋಸ್ ಕೀ ಜೊತೆ ಪಿ ಒತ್ತಿ, ‘ಎಕ್ಸ್‌ಟೆಂಡ್’ ಆರಿಸಿ. ವಿಂಡೋಸ್ 7ರಿಂದಲೂ ಇದು ಹೀಗೇ ಇದೆ. ಮಾನಿಟರ್ ಬಲಕ್ಕಿದ್ದು ಮೌಸ್ ಎಡಗಡೆಯಿಂದ ಆಚೆ ದಾಟುತ್ತಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ 2 ಎಂದಿರುವ ಪೆಟ್ಟಿಗೆಯನ್ನು 1ರ ಬಲಕ್ಕೆ ಎಳೆದು ಬಿಡಿ, ಅಪ್ಲೈ ಒತ್ತಿ. ಆಮೇಲೆ ಪೋರ್ಟಲ್ ತೆರೆದಿರುವ ಬ್ರೌಸರಿನ ಮೇಲೆ ಕ್ಲಿಕ್ ಮಾಡಿ ವಿಂಡೋಸ್, ಶಿಫ್ಟ್, ಬಲ ಬಾಣ ಮೂರನ್ನೂ ಒಟ್ಟಿಗೆ ಒತ್ತಿ. ಅದು ಪಕ್ಕದ ಮಾನಿಟರ್‌ಗೆ ಹಾರಿ ಕೂರುತ್ತದೆ.