ರಾತ್ರಿಯ ಪೆಗ್ಗು, ಬೆಳಗಿನ ನಾಡಿ ಲೆಕ್ಕ

ಕುಡಿದು ಮಲಗಿದರೆ ಗಡದ್ದಾಗಿ ನಿದ್ದೆ ಬರುತ್ತದೆ ಎಂಬ ಮಾತಿನಲ್ಲಿ ಅರ್ಧ ನಿಜವಿದೆ. ರಾತ್ರಿಯ ಮೊದಲರ್ಧದ ಮಟ್ಟಿಗೆ ಅದು ಸರಿ. ಉಳಿದರ್ಧದಲ್ಲಿ ಏನಾಯಿತೆಂಬುದು ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಬಾಯಿ ಒಣಗಿರುವುದು, ತಲೆ ಭಾರವಾಗಿರುವುದು ಬಿಟ್ಟರೆ ಬೇರೆ ಸಾಕ್ಷಿ ಇರುತ್ತಿರಲಿಲ್ಲ. ಈಗ ಸಾಕ್ಷಿ ಇದೆ. ಫಿನ್ಲೆಂಡಿನ ಊರಾ ಉಂಗುರ, ಅಮೆರಿಕದ ವೂಪ್ ಪಟ್ಟಿ, ಬೆಂಗಳೂರಿನ ಅಲ್ಟ್ರಾಹ್ಯೂಮನ್ ಉಂಗುರ, ಆಪಲ್, ಗಾರ್ಮಿನ್ ವಾಚುಗಳು ಇಡೀ ರಾತ್ರಿ ನಾಡಿ ಹಿಡಿದುಕೊಂಡು ಕೂತು, ಬೆಳಿಗ್ಗೆ ಕಣ್ಣು ಬಿಡುವಷ್ಟರಲ್ಲಿ ಲೆಕ್ಕ ಒಪ್ಪಿಸುತ್ತವೆ. ಇದನ್ನು ನೋಡನೋಡುತ್ತ ಮೂರನೆಯ ಪೆಗ್ ಬಿಟ್ಟವರು, ಹತ್ತು ಗಂಟೆಯ ಗ್ಲಾಸನ್ನು ಏಳು ಗಂಟೆಗೆ ತಂದುಕೊಂಡವರು, ವಾರದ ನಡುವೆ ಕುಡಿಯುವುದನ್ನೇ ನಿಲ್ಲಿಸಿದವರು ಹಲವರು.

ಬಾಟಲಿಯ ಮೇಲಿನ ಎಚ್ಚರಿಕೆಗೆ ಬಗ್ಗದವರು ಈ ಅಂಕಿಗೆ ಯಾಕೆ ಬಗ್ಗುತ್ತಾರೆ? ಯಕೃತ್ತಿನ ತೊಂದರೆ ಹತ್ತಿಪ್ಪತ್ತು ವರ್ಷದ ಆಚೆಗಿನ ಮಾತು. ಇದು ನಾಳೆ ಬೆಳಿಗ್ಗೆ ಆರು ಗಂಟೆಯದು. ಅದೂ ಬೇರೆಯವರ ದೇಹದ ಸರಾಸರಿಯಲ್ಲ, ನಿಮ್ಮದೇ ನಾಡಿ. ತಪ್ಪಿಗೂ ಫಲಕ್ಕೂ ನಡುವಿನ ಅಂತರ ಹತ್ತು ಗಂಟೆಗೆ ಇಳಿದರೆ ಮನಸ್ಸು ಬೇಗ ಕಲಿಯುತ್ತದೆ.

ಆದರೆ ಆ್ಯಪ್ ತೋರಿಸುವ ಎಲ್ಲ ಅಂಕಿಗಳೂ ನಂಬಲರ್ಹವಲ್ಲ. ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯಲು ಅಳತೆ ಹೇಗಾಗುತ್ತದೆ ಎನ್ನುವುದನ್ನು ನೋಡಬೇಕು.

ಕತ್ತಲಲ್ಲಿ ವಾಚನ್ನು ಸ್ವಲ್ಪ ಎತ್ತಿ ನೋಡಿ. ಅಡಿಯಲ್ಲಿ ಹಸಿರು ದೀಪ ಮಿನುಗುತ್ತಿರುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನ ಸಣ್ಣ ರಕ್ತನಾಳಗಳು ತುಂಬಿದಾಗ ಮರಳಿ ಬರುವ ಬೆಳಕು ಒಂದಿಷ್ಟು ಕಡಿಮೆಯಾಗುತ್ತದೆ, ಇಳಿದಾಗ ಹೆಚ್ಚುತ್ತದೆ. ದೀಪದ ಪಕ್ಕದ ಸಂವೇದಕ ಎಣಿಸುವುದು ಇದನ್ನೇ. ಉಂಗುರಗಳಲ್ಲಿ ಇದೇ ಕೆಲಸಕ್ಕೆ ಕಣ್ಣಿಗೆ ಕಾಣದ ಅವಕೆಂಪು ಬೆಳಕೂ ಇರುತ್ತದೆ. ನಿಮಿಷಕ್ಕೆ 60 ಬಡಿತ ಎಂದರೆ ಸರಿಯಾಗಿ ಸೆಕೆಂಡಿಗೊಂದು ಎಂದಲ್ಲ. ಒಂದು ಬಡಿತ 0.94 ಸೆಕೆಂಡಿಗೆ ಬಂದರೆ ಮುಂದಿನದು 1.05ಕ್ಕೆ ಬರಬಹುದು. ಉಸಿರು ಒಳಗೆ ಎಳೆದಾಗ ಬಡಿತ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ದೇಹವನ್ನು ವಿಶ್ರಾಂತಿಗೆ ಇಳಿಸುವ ವೇಗಸ್ ನರ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಈ ಏರಿಳಿತ ಹೆಚ್ಚು. ಆ್ಯಪಿನಲ್ಲಿ ಎಚ್‌ಆರ್‌ವಿ ಎಂದು ಕಾಣಿಸುವುದು ಇದೇ.

ಮದ್ಯ ಈ ವಿಶ್ರಾಂತಿಯನ್ನು ಮುಂದೂಡುತ್ತದೆ. ವೇಗಸ್ ನರದ ಹಿಡಿತ ಸಡಿಲಾಗಿ, ಓಡು–ಹೋರಾಡು ಎನ್ನುವ ನರಗಳ ಕೈ ಮೇಲಾಗುತ್ತದೆ. ಚರ್ಮದ ರಕ್ತನಾಳಗಳು ಹಿಗ್ಗಿ ಮೈ ಬೆಚ್ಚಗಾಗುತ್ತದೆ. ಮಲಗಿದ ಮೇಲೆ ಇಳಿಯಬೇಕಾದ ಬಡಿತ ಇಳಿಯುವುದಿಲ್ಲ. 2018ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನವೊಂದು ಇದನ್ನು 4,098 ಉದ್ಯೋಗಿಗಳಲ್ಲಿ, ಅವರವರ ಮನೆಯ ಹಾಸಿಗೆಯಲ್ಲೇ ಅಳೆಯಿತು. ನಿದ್ದೆಯ ಮೊದಲ ಮೂರು ಗಂಟೆಯಲ್ಲಿ ಬಡಿತ ಸ್ವಲ್ಪ ಕುಡಿದವರಲ್ಲಿ ನಿಮಿಷಕ್ಕೆ ಸರಾಸರಿ 1.4, ಮಧ್ಯಮವಾಗಿ ಕುಡಿದವರಲ್ಲಿ 4, ಹೆಚ್ಚು ಕುಡಿದವರಲ್ಲಿ 8.7ರಷ್ಟು ಏರಿತ್ತು. ಎಚ್‌ಆರ್‌ವಿಯಿಂದ ಲೆಕ್ಕ ಹಾಕುವ, ದೇಹ ಎಷ್ಟು ವಿಶ್ರಮಿಸಿತು ಎಂದು ಹೇಳುವ ಚೇತರಿಕೆಯ ಸೂಚಿ ಕ್ರಮವಾಗಿ 9.3, 24, 39.2 ಶೇಕಡಾ ಅಂಕ ಇಳಿದಿತ್ತು. ವ್ಯಾಯಾಮ ಮಾಡುವವರಿಗೂ ವಿನಾಯಿತಿ ಇರಲಿಲ್ಲ. ಜಿಮ್ಮಿಗೆ ಹೋಗುತ್ತೇನೆ, ನನಗೇನಾಗದು ಎನ್ನುವವರು ಇದನ್ನು ಇನ್ನೊಮ್ಮೆ ಓದಬೇಕು.

ಆ 'ಸ್ವಲ್ಪ', 'ಹೆಚ್ಚು' ಎಂದರೆ ಎಷ್ಟು? ನಮ್ಮ ಅಳತೆಗೆ ತರೋಣ. ಇಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಯಲ್ಲಿ ಸಾಮಾನ್ಯವಾಗಿ ಶೇ 42.8 ಮದ್ಯಸಾರ. ಮದ್ಯಸಾರದ ಒಂದು ಮಿಲಿಲೀಟರ್ ತೂಕ 0.79 ಗ್ರಾಂ. ಹಾಗಾಗಿ 30 ಮಿ.ಲೀ. ಸ್ಮಾಲ್ ಎಂದರೆ ಸುಮಾರು 10 ಗ್ರಾಂ, ಲಾರ್ಜ್ (60 ಮಿ.ಲೀ.) 20, ನೈಂಟಿ 30, ಕ್ವಾರ್ಟರ್ (180 ಮಿ.ಲೀ.) ಪೂರ್ತಿ 60 ಗ್ರಾಂ. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ 41 ಗ್ರಾಂ. 'ಬಿಯರ್ ತಾನೇ' ಎಂದು ಮುಗಿಸುವ ಒಂದು ಬಾಟಲಿ ನಾಲ್ಕು ಸ್ಮಾಲಿಗೆ ಸಮ! ಎಪ್ಪತ್ತು ಕೆ.ಜಿ. ತೂಕದವರಿಗೆ ಫಿನ್ಲೆಂಡಿನ ಲೆಕ್ಕದಲ್ಲಿ 17 ಗ್ರಾಂವರೆಗೆ ಸ್ವಲ್ಪ, 52 ಗ್ರಾಂ ದಾಟಿದರೆ ಹೆಚ್ಚು. ಲಾರ್ಜ್ ಒಂದೇ ಆದರೂ ಆಗಲೇ ಮಧ್ಯಮಕ್ಕೆ ಕಾಲಿಟ್ಟಾಯಿತು.

ಯಕೃತ್ತು ಗಂಟೆಗೆ ಕರಗಿಸುವುದು ಸುಮಾರು 7ರಿಂದ 10 ಗ್ರಾಂ. ಕಾಫಿ, ಮಜ್ಜಿಗೆ, ನಿಂಬೆರಸ, ತಣ್ಣೀರ ಸ್ನಾನ ಯಾವುದೂ ಇದನ್ನು ಚುರುಕು ಮಾಡುವುದಿಲ್ಲ. ಒಂಬತ್ತು ಗಂಟೆಗೆ ಶುರುಮಾಡಿ ಕ್ವಾರ್ಟರ್ ಮುಗಿಸಿದವರ ರಕ್ತ ತಿಳಿಯಾಗುವಾಗ ಮುಂಜಾವ ಮೂರರಿಂದ ಆರು ಗಂಟೆ. ಅಷ್ಟು ಹೊತ್ತೂ ಹೃದಯಕ್ಕೆ ಹಗಲೇ. ಏಳೂವರೆಗೆ ಒಂದು ಲಾರ್ಜ್ ತೆಗೆದುಕೊಂಡು ನಿಲ್ಲಿಸಿದವರದು ಒಂಬತ್ತೂವರೆಯಿಂದ ಹತ್ತೂವರೆಯೊಳಗೆ ಮುಗಿದಿರುತ್ತದೆ. ಹೊತ್ತು ಹಿಂದಕ್ಕೆ ತಂದವರಿಗೆ ಬೆಳಗಿನ ಅಂಕಿ ಸುಧಾರಿಸುವುದು ಈ ಸರಳ ಗಣಿತದಿಂದ. ಪ್ರಮಾಣ ಇಳಿಸದೆ ಹೊತ್ತು ಮಾತ್ರ ಬದಲಿಸಿದರೆ ಲಾಭ ಕಡಿಮೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನಡೆದು 1996ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಲಗುವುದಕ್ಕೆ ಆರು ಗಂಟೆ ಮೊದಲೇ ಕೆ.ಜಿ.ಗೆ 0.55 ಗ್ರಾಂನಂತೆ ಮದ್ಯಸಾರ ಕೊಟ್ಟಿದ್ದರು. ಮಲಗುವ ಹೊತ್ತಿಗೆ ರಕ್ತದಲ್ಲಿ ಅದರ ಸುಳಿವಿರಲಿಲ್ಲ. ಆದರೂ ರಾತ್ರಿಯ ಎರಡನೆಯ ಅರ್ಧದಲ್ಲಿ ನಿದ್ದೆ ಕೆಟ್ಟಿತ್ತು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಕುಡಿಯುವುದು ಮೊದಲು, ಊಟ ಆಮೇಲೆ. ಹಸಿದ ಹೊಟ್ಟೆಗೆ ಬಿದ್ದದ್ದು ಬೇಗ ರಕ್ತಕ್ಕೆ ಸೇರುತ್ತದೆ. ಹನ್ನೊಂದು ಗಂಟೆಗೆ ಬಿರಿಯಾನಿ, ಕಬಾಬ್ ಉಂಡು ಹನ್ನೊಂದೂವರೆಗೆ ಮಲಗಿದರೆ ಜೀರ್ಣದ ಕೆಲಸವೇ ಬಡಿತವನ್ನು ಏರಿಸಿಟ್ಟಿರುತ್ತದೆ. ಬೆಳಿಗ್ಗೆ ಕಾಣುವ ಕೆಂಪು ಅಂಕಿಯಲ್ಲಿ ಪೆಗ್ಗಿನ ಪಾಲೆಷ್ಟು, ಬಿರಿಯಾನಿಯ ಪಾಲೆಷ್ಟು ಎಂದು ವಾಚಿಗೆ ಬೇರ್ಪಡಿಸಲು ಬಾರದು.

ಈಗ ಗ್ರಾಫ್. ಆರಾಮಾಗಿ ಮಲಗಿದ ರಾತ್ರಿಯಲ್ಲಿ ಬಡಿತದ ಗೆರೆ ಜೋಲಿಯ ಹಾಗೆ ಬಾಗಿರುತ್ತದೆ: ಮಲಗಿದೊಡನೆ ಇಳಿಯುತ್ತ, ನಡುವೆ ತಳ ಮುಟ್ಟಿ, ಏಳುವ ಮುಂಚೆ ಮೆಲ್ಲಗೆ ಮೇಲೆ. ಕುಡಿದ ರಾತ್ರಿಯದು ಇಳಿಜಾರು. ಉದಾಹರಣೆಗೆ ಹನ್ನೊಂದಕ್ಕೆ 76ರಲ್ಲಿ ಶುರುವಾಗಿ, ಎರಡು ಗಂಟೆಗೂ 70ರ ಮೇಲೇ ತೂಗಾಡಿ, ನಾಲ್ಕೂವರೆಗೆ 60 ಮುಟ್ಟುತ್ತದೆ; ಅಷ್ಟರಲ್ಲಿ ಅಲಾರಂ ಹೊಡೆಯುತ್ತದೆ. ನೋಡಬೇಕಾದದ್ದು ಎರಡೇ ಸಂಗತಿ. ಅತಿ ಕಡಿಮೆ ಬಡಿತ ಎಷ್ಟು, ಅದು ಬಂದದ್ದು ಎಷ್ಟು ಹೊತ್ತಿಗೆ.

ಗಾಢ ನಿದ್ದೆ, ಕನಸಿನ ನಿದ್ದೆ ಎಂದು ಬಣ್ಣಬಣ್ಣದ ಪಟ್ಟಿ ತೋರಿಸುವ ಭಾಗವನ್ನು, ಕುಡಿದ ರಾತ್ರಿಯ ಮಟ್ಟಿಗಂತೂ, ಬದಿಗಿಡುವುದು ವಾಸಿ. ನಿದ್ದೆಯ ಹಂತಗಳನ್ನು ನಿಜವಾಗಿ ಅಳೆಯಲು ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ದಾಖಲಿಸಬೇಕು. ವಾಚು ನಾಡಿ ಮತ್ತು ಚಲನೆಯಿಂದ ಊಹಿಸುತ್ತದೆ. ಮದ್ಯ ಕೆಡಿಸುವುದು ಆ ಎರಡನ್ನೇ. ಅದೂ ಅಲ್ಲದೆ ಮದ್ಯ ಮೊದಲರ್ಧದಲ್ಲಿ ಗಾಢ ನಿದ್ದೆಯನ್ನು ನಿಜವಾಗಿಯೂ ಹೆಚ್ಚಿಸಿ, ಕನಸಿನ ನಿದ್ದೆಯನ್ನು ಅದುಮಿಡುತ್ತದೆ. ಅಮಲು ಇಳಿಯುತ್ತಿದ್ದಂತೆ ಅದುಮಿಟ್ಟದ್ದು ಮೇಲೇಳುತ್ತದೆ, ಎಚ್ಚರವಾಗುತ್ತದೆ, ಮೂತ್ರಕ್ಕೆ ಏಳಬೇಕಾಗುತ್ತದೆ. 'ನೋಡಿ, ಡೀಪ್ ಸ್ಲೀಪ್ ಜಾಸ್ತಿಯಾಗಿದೆ' ಎಂದು ಪೆಗ್ಗಿಗೆ ಸಮರ್ಥನೆ ಹುಡುಕುವವರು ಎಡವುವುದು ಇಲ್ಲೇ.

ಸ್ವಂತ ದೇಹದ ಮೇಲೆ ಪರೀಕ್ಷೆ ಮಾಡುವುದಾದರೆ ಹೀಗೆ ಮಾಡಿ. ಮೊದಲ ಎರಡು ವಾರ ಕುಡಿಯದ ರಾತ್ರಿಗಳ ಬಡಿತ, ಎಚ್‌ಆರ್‌ವಿ ಎರಡರ ಸರಾಸರಿ ಬರೆದಿಡಿ. ಆಮೇಲೆ ಕುಡಿದ ದಿನ ಎಷ್ಟು ಮಿ.ಲೀ., ಮೊದಲ ಗುಟುಕು ಎಷ್ಟು ಹೊತ್ತಿಗೆ, ಕೊನೆಯದು ಎಷ್ಟು ಹೊತ್ತಿಗೆ, ಊಟ ಯಾವಾಗ ಎಂಬ ನಾಲ್ಕನ್ನು ಗುರುತುಹಾಕಿ. ಪೆಗ್ ಎಂದು ಬರೆಯಬೇಡಿ. ಮನೆಯಲ್ಲಿ ಕಣ್ಣಳತೆಯಲ್ಲಿ ಸುರಿದ ಪೆಗ್ ಸುಲಭವಾಗಿ 45 ಮಿ.ಲೀ. ಆಗಿರುತ್ತದೆ. ಒಂದು ರಾತ್ರಿಯನ್ನು ಇನ್ನೊಂದು ರಾತ್ರಿಗೆ ಹೋಲಿಸಬೇಡಿ, ನಾಲ್ಕೈದರ ಸರಾಸರಿ ಹೋಲಿಸಿ. ಜ್ವರ, ಸಂಜೆಯ ಕಠಿಣ ವ್ಯಾಯಾಮ, ಸೆಕೆ, ಮಹಿಳೆಯರಲ್ಲಿ ಮುಟ್ಟಿನ ಹಿಂದಿನ ಎರಡು ವಾರ, ಇವೆಲ್ಲ ಬಡಿತ ಏರಿಸುತ್ತವೆ. ಪಟ್ಟಿ ಸಡಿಲವಿದ್ದರೆ ಹೊರಗಿನ ಬೆಳಕು ನುಗ್ಗಿ ಅಳತೆ ಕೆಡುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲಕ್ಕೆ, ಜಾರದಷ್ಟು ಬಿಗಿಯಾಗಿ ಕಟ್ಟಿ. ಹಚ್ಚೆಯ ಮೇಲೆ ಬೇಡ. ಗೆಳೆಯರ ಅಂಕಿಗೆ ನಿಮ್ಮದನ್ನು ಹೋಲಿಸುವುದಂತೂ ಬೇಡವೇ ಬೇಡ. ಊರಾದಂಥವು ಎಚ್‌ಆರ್‌ವಿಯನ್ನು ಆರ್‌ಎಂಎಸ್‌ಎಸ್‌ಡಿ ಎಂಬ ಸೂತ್ರದಿಂದ ಲೆಕ್ಕ ಹಾಕಿದರೆ ಆಪಲ್ ಎಸ್‌ಡಿಎನ್‌ಎನ್ ಎಂಬ ಇನ್ನೊಂದನ್ನು ತೋರಿಸುತ್ತದೆ.

ಅಂಕಿಯೇ ನಿದ್ದೆ ಕೆಡಿಸುವುದೂ ಉಂಟು. ವಾಚಿನ ನಿದ್ದೆ ಲೆಕ್ಕ ಪರಿಪೂರ್ಣವಾಗಲಿ ಎಂದು ಹಂಬಲಿಸುತ್ತ ನಿದ್ದೆ ಕಳೆದುಕೊಳ್ಳುವ ಸ್ಥಿತಿಗೆ 2017ರಲ್ಲಿ ವೈದ್ಯರು ಆರ್ಥೋಸಾಮ್ನಿಯಾ ಎಂದು ಹೆಸರಿಟ್ಟರು. ರಾತ್ರಿ ನಿಮ್ಮ ನಿದ್ದೆ ಚೆನ್ನಾಗಿರಲಿಲ್ಲ ಎಂದು ಸುಮ್ಮನೆ ಹೇಳಿದರೂ ಆಮೇಲಿನ ಬುದ್ಧಿಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆ ಎಂದು 2014ರ ಪ್ರಯೋಗವೊಂದು ತೋರಿಸಿತು. ಎದ್ದ ಕೂಡಲೇ ಆ್ಯಪ್ ತೆರೆಯದೆ, ಮೈ ಹೇಗಿದೆ ಎಂದು ಮೊದಲು ತಮ್ಮನ್ನೇ ಕೇಳಿಕೊಂಡು, ತಿಂಡಿಯಾದ ಮೇಲೆ ಅಂಕಿ ನೋಡುವುದು ಒಳ್ಳೆಯ ರೂಢಿ.

ಹಸಿರು ಅಂಕಿ ಬಂತೆಂದರೆ ಕುಡಿತ ಕ್ಷೇಮವೆಂದಲ್ಲ. ವಾಚು ನೋಡುವುದು ನಾಡಿಯನ್ನು. ಯಕೃತ್ತು, ಅನ್ನನಾಳ, ಸ್ತನದ ಜೀವಕೋಶಗಳಿಗೆ ಆಗುವುದು ಅದಕ್ಕೆ ಕಾಣದು. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಮದ್ಯ ಗಂಟಲಿನ ಸ್ನಾಯುಗಳನ್ನು ಸಡಿಲಗೊಳಿಸುವುದರಿಂದ ಕುಡಿದ ರಾತ್ರಿ ಗೊರಕೆ ಹೆಚ್ಚಿ ರಕ್ತದ ಆಮ್ಲಜನಕ ಆಗಾಗ ಕುಸಿಯಬಹುದು. ಕುಡಿಯದ ರಾತ್ರಿಯೂ ಅಂಥ ಕುಸಿತ ಕಾಣುತ್ತಿದ್ದರೆ ನಿದ್ದೆಯ ಉಸಿರುಗಟ್ಟುವಿಕೆ ಇದೆಯೇ ಎಂದು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಬೇಕು.

ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿಯುವವರು ಅಂಕಿ ನೋಡಿ ಗಾಬರಿಬಿದ್ದು ಒಮ್ಮೆಗೇ ನಿಲ್ಲಿಸಬಾರದು. ಕೈನಡುಕ, ಬೆವರು, ನಿದ್ದೆಗೇಡಿನಿಂದ ಶುರುವಾಗಿ ಎರಡು–ಮೂರು ದಿನದಲ್ಲಿ ಫಿಟ್ಸ್, ಭ್ರಮೆಯವರೆಗೆ ಹೋಗಿ ಜೀವಕ್ಕೇ ಕುತ್ತು ಬರಬಹುದು. ನಿದ್ದೆಗುಳಿಗೆಯನ್ನು ಪೆಗ್ಗಿನ ಬದಲಿಗೆ ತಾವೇ ಶುರುಮಾಡುವುದೂ ಅಪಾಯ, ಎರಡೂ ಸೇರಿದರೆ ಉಸಿರಾಟವೇ ಕುಗ್ಗುತ್ತದೆ. ಇಂಥವರು ವೈದ್ಯರ ಕಣ್ಗಾವಲಿನಲ್ಲಿ ಹಂತಹಂತವಾಗಿ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಕೇಳಬಹುದು.