"ಕಂಪ್ರೆಸರ್ ಹೋಗಿದೆ" ಅಂದ್ರೆ ಏನು ಹೋಗಿದೆ?

ಬೇಸಿಗೆಲಿ ಹಾಸನದಿಂದ ಶಿರಾಡಿ ಇಳಿದು ಮಂಗಳೂರು ಕಡೆ ಹೋಗೋರಿಗೆ ಎಸಿ ಕೈಕೊಟ್ಟಿರೋದು ಗೊತ್ತಾಗೋದೇ ಗುಂಡ್ಯ ದಾಟಿದ ಮೇಲೆ, ಅಲ್ಲಿವರೆಗೂ ಗ್ಲಾಸ್ ಇಳಿಸಿದ್ರೆ ಸಾಕು, ಎಸಿ ಯಾರಿಗ್ ಬೇಕು. ಊರಿಗೆ ಬಂದು ತೋರಿಸಿದ್ರೆ "ಕಂಪ್ರೆಸರ್ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು" ಅಂತಾರೆ. ಎಷ್ಟೋ ಜನ ಅಷ್ಟಕ್ಕೇ ಒಪ್ಕೊಂಡು ದುಡ್ಡು ಹೊಂದಿಸೋಕೆ ನೋಡ್ತಾರೆ. ಆದ್ರೆ ಆ ಒಂದು ಮಾತಲ್ಲಿ ನಾಲ್ಕೈದು ಬೇರೆ ಬೇರೆ ಕಾಯಿಲೆ ಸೇರ್ಕೊಂಡಿರ್ತವೆ, ಪೂರ್ತಿ ಕಂಪ್ರೆಸರ್ ಬದಲಾಯಿಸಲೇಬೇಕಾದ್ದು ಅದರಲ್ಲಿ ಒಂದೆರಡಕ್ಕೆ ಮಾತ್ರ.

ಮೊದಲು ಅದು ಮಾಡೋ ಕೆಲಸ ಏನು ಅಂತ ನೋಡೋಣ. ಇಂಜೆಕ್ಷನ್‌ಗೆ ಮುಂಚೆ ಸ್ಪಿರಿಟ್ ಹಚ್ಚಿದಾಗ ತೋಳು ತಣ್ಣಗಾಗುತ್ತಲ್ಲ, ಸ್ಪಿರಿಟ್ ಆವಿ ಆಗೋವಾಗ ಚರ್ಮದ ಶಾಖ ಹೊತ್ಕೊಂಡು ಹೋಗುತ್ತೆ, ಕಾರಿನ ಎಸಿ ನಡೆಯೋದೂ ಅದೇ ದಾರಿಲಿ. ಡ್ಯಾಶ್‌ಬೋರ್ಡ್ ಒಳಗಿರೋ ಕೂಲಿಂಗ್ ಕಾಯಿಲಲ್ಲಿ ದ್ರವವಾಗಿರೋ ಗ್ಯಾಸು ಆವಿ ಆಗ್ತಾ ಒಳಗಿನ ಶಾಖ ಹೀರ್ಕೊಳ್ಳುತ್ತೆ. ಆ ಗ್ಯಾಸ್‌ನ ಬಿಸಾಕೋಕಾಗಲ್ಲ, ವಾಪಸ್ ನೀರಿನ ಥರ ಮಾಡಿ ಮತ್ತೆ ಬಳಸಬೇಕು, ಅದಕ್ಕೇ ಕಂಪ್ರೆಸರ್ ಬೇಕಾಗಿರೋದು. ಕಾಯಿಲಿಂದ ಬಂದ ಗ್ಯಾಸ್ ಎಳ್ಕೊಂಡು ಒತ್ತಿ ಬಿಸಿ ಮಾಡಿ ರೇಡಿಯೇಟರ್ ಮುಂದಿರೋ ಕಂಡೆನ್ಸರ್‌ಗೆ ತಳ್ಳುತ್ತೆ, ಅಲ್ಲಿ ಹೊರಗಿನ ಗಾಳಿಗೆ ಶಾಖ ಬಿಟ್ಟು ಗ್ಯಾಸು ದ್ರವ ಆಗುತ್ತೆ, ತೇವ ಹೀರೋ ಡ್ರೈಯರ್ ದಾಟಿ ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ತೂತಲ್ಲಿ ನುಗ್ಗಿ ಮತ್ತೆ ಕಾಯಿಲಿಗೆ ಬರುತ್ತೆ. ಅಂದ್ರೆ ಕಂಪ್ರೆಸರ್ ತಂಪು ತಯಾರು ಮಾಡಲ್ಲ, ಒಳಗಿನ ಶಾಖ ಹೊರಗೆ ಸಾಗಿಸುತ್ತೆ. ನಮ್ಮ ಕಡೆ ಓಡ್ತಿರೋ ಕಾರುಗಳಲ್ಲಿ ಹೆಚ್ಚಾಗಿರೋದು ಆರ್-134ಎ ಗ್ಯಾಸು, ಮಾಮೂಲಿ ಗಾಳಿ ಒತ್ತಡದಲ್ಲಿ ಇದು ಮೈನಸ್ 26 ಡಿಗ್ರಿಗೇ ಕುದಿಯುತ್ತೆ.

ಎಂಜಿನ್ನಿನ ಬೆಲ್ಟು ಕಂಪ್ರೆಸರ್ ಪುಲ್ಲಿನ ಯಾವಾಗಲೂ ತಿರುಗಿಸ್ತಾನೇ ಇರುತ್ತೆ. ಎಸಿ ಬಟನ್ ಒತ್ತಿದಾಗ ಕರೆಂಟ್ ಹೋಗಿ ಮ್ಯಾಗ್ನೆಟಿಕ್ ಕ್ಲಚ್ ಟಕ್ ಅಂತ ಹಿಡ್ಕೊಳ್ಳುತ್ತೆ, ಆಮೇಲೇ ಒಳಗಿನ ಶಾಫ್ಟ್ ತಿರುಗೋದು. 1939ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ ಎಸಿ ಕಾರು ತೋರಿಸಿದಾಗ ಈ ಕ್ಲಚ್ಚೇ ಇರಲಿಲ್ಲ, ಎಸಿ ಬೇಡ ಅಂದ್ರೆ ಎಂಜಿನ್ ನಿಲ್ಲಿಸಿ ಇಳಿದು ಬೆಲ್ಟ್ ಬಿಚ್ಚಬೇಕಿತ್ತು!

ಹೋಗಿದೆ ಅಂತ ಹೇಳಿಸ್ಕೊಳ್ಳೋ ಕಂಪ್ರೆಸರ್‌ಗಳಲ್ಲಿ ಎಷ್ಟೋ ಸಲ ಹೋಗಿರೋದು ಈ ಕ್ಲಚ್ಚೇ. ಕ್ಲಚ್ಚಿನ ಕಾಯಿಲ್ ಸುಟ್ಟಿರಬಹುದು, ಪ್ಲೇಟು ಸವೆದು ಪುಲ್ಲಿಗೂ ಅದಕ್ಕೂ ಮಧ್ಯದ ಗ್ಯಾಪ್ ಜಾಸ್ತಿ ಆಗಿ ಎಂಜಿನ್ ಬಿಸಿ ಆದ್ಮೇಲೆ ಹಿಡ್ಕೊಳ್ಳದೇ ಇರಬಹುದು, ಅಥವಾ ರಿಲೇ, ಫ್ಯೂಸ್, ವೈರಿನ ತೊಂದರೆ ಇರಬಹುದು. ನೀವೇ ನೋಡಬಹುದು, ಕೈ ಬಟ್ಟೆ ಎಲ್ಲ ಬೆಲ್ಟಿಂದ ದೂರ ಇಟ್ಕೊಂಡು ಬಾನೆಟ್ ತೆಗೆದು ಯಾರಿಗಾದ್ರೂ ಎಸಿ ಆನ್ ಮಾಡೋಕೆ ಹೇಳಿ, ಪುಲ್ಲಿ ಮುಂದಿನ ಪ್ಲೇಟು ತಿರುಗುತ್ತಾ ಅಂತ ಗಮನಿಸಿ. ಎಸಿ ಆಫ್ ಇದ್ದಾಗಲೂ ಗರ ಗರ ಸದ್ದು ಬರ್ತಿದ್ರೆ ಪುಲ್ಲಿ ಬೇರಿಂಗ್ ಮೇಲೆ ಮೊದಲ ಅನುಮಾನ ಇರಲಿ, ಆನ್ ಮಾಡಿದಾಗ ಮಾತ್ರ ಬಂದ್ರೆ ಒಳಗೆ ನೋಡ್ಬೇಕು. ಕಾಯಿಲ್, ಬೇರಿಂಗ್, ಪ್ಲೇಟ್ ಇವೆಲ್ಲ ಬಿಡಿಯಾಗಿ ಸಿಗೋ ಗಾಡಿ ಬೇಕಾದಷ್ಟಿವೆ, ಅಂಥ ಗಾಡಿಗೆ ಪೂರ್ತಿ ಕಂಪ್ರೆಸರ್ ಹಾಕಿಸೋದು ನನ್ನ ಪ್ರಕಾರ ತಪ್ಪು. (ಹೊಸ ಕೆಲವು ಕಾರಲ್ಲಿ ಈ ಕ್ಲಚ್ ಇರಲ್ಲ, ಒಂದು ಕಂಟ್ರೋಲ್ ವಾಲ್ವ್ ಗ್ಯಾಸ್ ಒತ್ತೋದನ್ನ ಹೆಚ್ಚು ಕಡಿಮೆ ಮಾಡುತ್ತೆ. ಅಲ್ಲಿ ವಾಲ್ವ್ ಒಂದೇ ಕೆಟ್ಟಿದ್ರೂ ಕೂಲಿಂಗ್ ಹೋಗುತ್ತೆ.)

ಇನ್ನೊಂದು ಗ್ಯಾಸ್ ಲೀಕು. ಗ್ಯಾಸ್ ಕಡಿಮೆ ಆದ್ರೆ ಪ್ರೆಷರ್ ಸ್ವಿಚ್ಚು ಕಂಪ್ರೆಸರ್‌ನ ಆನ್ ಆಗೋಕೇ ಬಿಡಲ್ಲ, ಅದಕ್ಕೂ ಕಾರಣ ಇದೆ, ಕಂಪ್ರೆಸರ್‌ಗೆ ಬೇಕಾದ ಆಯಿಲ್ ಗ್ಯಾಸಿನ ಜೊತೆನೇ ಸುತ್ತೋದು, ಗ್ಯಾಸ್ ಇಲ್ಲದೆ ಓಡಿಸಿದ್ರೆ ಒಣಗಿ ಉಜ್ಜಿ ಜಾಮ್ ಆಗುತ್ತೆ. ಇಲ್ಲಿ ನಮ್ಮ ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆಯವರಿಗೆ ಒಂದು ಮಾತು ಹೇಳಲೇಬೇಕು. ನಮ್ಮೂರಲ್ಲಿ ಎಸಿ ಯಾಕೆ ಅಂತ ಮಳೆಗಾಲ ಚಳಿಗಾಲ ಪೂರ್ತಿ ಬಟನ್ ಮುಟ್ಟದೇ ಬಿಟ್ರೆ ಶಾಫ್ಟ್ ಸೀಲಿಗೆ ಆಯಿಲ್ ಸಿಗದೆ ಒಣಗಿ ಅಲ್ಲಿಂದ ಗ್ಯಾಸು ನಿಧಾನಕ್ಕೆ ಸೋರಬಹುದು. ಕ್ಲಚ್ ಸುತ್ತ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು ಮೆತ್ಕೊಂಡಿರೋದು ಕಂಡ್ರೆ ಅಲ್ಲೇ ಅನುಮಾನ ಪಡಿ. ಮಳೆಗಾಲದಲ್ಲೂ ವಾರಕ್ಕೊಂದ್ಸಲ ಹತ್ತು ನಿಮಿಷ ಎಸಿ ಹಾಕಿ, ಮುಂದಿನ ಗ್ಲಾಸಿಗೆ ಹಿಡಿಯೋ ಮಂಜೂ ಹೋಗುತ್ತೆ, ಕೂಲಿಂಗ್ ಕಾಯಿಲ್ ಗಾಳಿಲಿರೋ ತೇವಾನ ನೀರು ಮಾಡಿ ಇಳಿಸಿಬಿಡುತ್ತೆ. ಘಾಟಿಲಿ ಮಂಜು ಮಳೆ ಎರಡೂ ಇದ್ದಾಗ ಬಟ್ಟೆಲಿ ಗ್ಲಾಸ್ ಒರೆಸ್ಕೊಂಡು ಗಾಡಿ ಓಡಿಸೋರನ್ನ ನೋಡಿದ್ರೆ ನಿಜವಾಗ್ಲೂ ಭಯ ಆಗುತ್ತೆ, ಎಸಿ ಹಾಕ್ಕೊಳ್ಳಿ ಕಣ್ರಿ.

ಲೀಕ್ ಹುಡುಕದೆ ಬರೀ ಗ್ಯಾಸ್ ತುಂಬಿಸೋದು ಬೇಡ. ಎಷ್ಟು ಗ್ರಾಂ ಅಂತ ಸಾಮಾನ್ಯವಾಗಿ ಬಾನೆಟ್ ಕೆಳಗಿನ ಸ್ಟಿಕ್ಕರಲ್ಲೇ ಇರುತ್ತೆ, ಸಣ್ಣ ಕಾರಿಗೆ ಅರ್ಧ ಕೇಜಿನೂ ಬೇಕಾಗಲ್ಲ, ತೂಕ ಮಾಡಿ ಹಾಕೋರ ಹತ್ರನೇ ಹೋಗಿ.

ಇನ್ನು ನಿಜವಾಗ್ಲೂ ಒಳಗೇ ಹೋಗಿರೋ ಕೇಸು. ಪ್ರೆಷರ್ ಅಳೆಯೋ ಗೇಜ್ ಹಾಕಿದಾಗ ಕಂಪ್ರೆಸರ್ ಗ್ಯಾಸ್ ಎಳ್ಕೊಳ್ಳೋ ಕಡೆ ಪ್ರೆಷರ್ ಚೆನ್ನಾಗಿ ಇಳಿದು ತಳ್ಳೋ ಕಡೆ ಏರಬೇಕು, ಗ್ಯಾಸ್ ಸರಿಯಾಗಿದ್ದು ಶಾಫ್ಟ್ ತಿರುಗ್ತಿದ್ರೂ ಎರಡೂ ಮುಳ್ಳು ಹತ್ತಿರ ಹತ್ತಿರನೇ ನಿಂತ್ರೆ ಒತ್ತೋ ಶಕ್ತಿ ಹೋಗಿದೆ ಅಂತ ಲೆಕ್ಕ. ಇನ್ನೂ ಕೆಟ್ಟದ್ದು ಜಾಮ್ ಆಗೋದು, ಒಳಗಿನ ಪಿಸ್ಟನ್ ಉಜ್ಜಿ ಲೋಹದ ಪುಡಿ ಆಯಿಲಲ್ಲಿ ಸೇರಿ ಕಪ್ಪಗೆ ಗಸಿ ಥರ ಪೈಪೆಲ್ಲಾ ಹರಡುತ್ತೆ. ಎಲ್ಲರೂ ಎಡವೋದು ಇಲ್ಲೇ. ಹಳೇದು ಬಿಚ್ಚಿ ಹೊಸ ಕಂಪ್ರೆಸರ್ ಒಂದನ್ನೇ ಕೂರಿಸಿದ್ರೆ ಆ ಪುಡಿ ಹೊಸದನ್ನೂ ತಿಂದುಹಾಕುತ್ತೆ, ಆಮೇಲೆ ಪಾರ್ಟ್ ಡೂಪ್ಲಿಕೇಟ್ ಅಂತ ಜಗಳ. ಡ್ರೈಯರ್, ಎಕ್ಸ್‌ಪಾನ್ಷನ್ ವಾಲ್ವ್ ಬದಲಾಯಿಸಿ ಪೈಪು, ಕೂಲಿಂಗ್ ಕಾಯಿಲ್ ಫ್ಲಶ್ ಮಾಡ್ಲೇಬೇಕು, ಅಂದ್ರೆ ಒಳಗೆಲ್ಲ ತೊಳೀಬೇಕು, ಈಗಿನ ಕಂಡೆನ್ಸರಿನ ಕೊಳವೆಗಳು ತೀರಾ ಸಣ್ಣ, ಫ್ಲಶ್ ಮಾಡಿದ್ರೂ ಪುಡಿ ಪೂರ್ತಿ ಬರಲ್ಲ, ಹಾಗಾಗಿ ಅದನ್ನೂ ಹೊಸದು ಹಾಕೋದೇ ಸರಿ. ಬಿಲ್ ಜೋರಾಗುತ್ತೆ ನಿಜ, ಆದ್ರೆ ಎರಡನೇ ಕಂಪ್ರೆಸರ್ ತಗೊಳ್ಳೋದಕ್ಕಿಂತ ಕಡಿಮೆನೇ. ರೀಕಂಡೀಶನ್, ಅಂದ್ರೆ ಹಳೇ ಕಂಪ್ರೆಸರನ್ನೇ ಬಿಚ್ಚಿ ರಿಪೇರಿ ಮಾಡಿಸೋದರ ಬಗ್ಗೆ ಕೇಳೋರಿಗೆ ನಾನು ಹೇಳೋದಿಷ್ಟೆ, ಸೀಲು ಬೇರಿಂಗ್ ಮಟ್ಟದ ಕೆಲಸ ಆದ್ರೆ ಧಾರಾಳವಾಗಿ ಮಾಡಿಸಿ, ಒಳಗೆ ಗೀರು ಬಿದ್ದಿದ್ರೆ ಬೇಡವೇ ಬೇಡ.

ಆಯಿಲ್ ಬಗ್ಗೆನೂ ಕೇಳಿ. ಆರ್-134ಎ ಗಾಡಿಗೆ ಸಾಮಾನ್ಯವಾಗಿ ಹಾಕೋದು ಪಿಎಜಿ ಅನ್ನೋ ಸಿಂಥೆಟಿಕ್ ಆಯಿಲ್, ಗಾಳಿಲಿರೋ ತೇವಾನ ಬೇಗ ಹೀರುತ್ತೆ, ಡಬ್ಬ ತೆರೆದಿಟ್ಟು ನಾಳೆ ಬಳಸ್ತೀನಿ ಅನ್ನೋ ಹಾಗಿಲ್ಲ. ಹೊಸ ಕಂಪ್ರೆಸರಲ್ಲಿ ಆಯಿಲ್ ಮೊದಲೇ ತುಂಬಿ ಬಂದಿದ್ರೆ ಅದರ ಮೇಲೆ ಮತ್ತೆ ಸುರಿಯೋದೂ ತಪ್ಪು, ಆಯಿಲ್ ಜಾಸ್ತಿ ಆದ್ರೆ ಕೂಲಿಂಗ್ ಬೀಳುತ್ತೆ.

ಎಲ್ಲ ಜೋಡಿಸಿದ ಮೇಲೆ, ಗ್ಯಾಸ್ ತುಂಬೋಕೆ ಮುಂಚೆ ವ್ಯಾಕ್ಯೂಮ್ ಹಾಕ್ತಾರೆ. ಪಂಪಿಂದ ಒಳಗಿನ ಗಾಳಿ ಎಳೆದಾಗ ಅಲ್ಲಿ ಉಳಿದಿರೋ ತೇವ ಹೊರಗಿನ ಮಾಮೂಲಿ ಬಿಸಿಗೇ ಕುದ್ದು ಆವಿಯಾಗಿ ಹೊರಗೆ ಬರುತ್ತೆ, ಅದಕ್ಕೆ ಕನಿಷ್ಠ ಅರ್ಧ ಗಂಟೆ ಬೇಕು, ಐದು ನಿಮಿಷಕ್ಕೆ ಮುಗಿಸಿದ್ರೆ ಕೆಲಸ ಆಗಿಲ್ಲ ಅಂತಲೇ ಅರ್ಥ. ವಿಡಿಯೋಗಳಲ್ಲಿ ಗೇಜು 29 ಇಂಚು (ವ್ಯಾಕ್ಯೂಮನ್ನ ಪಾದರಸದ ಇಂಚಲ್ಲಿ ಅಳೀತಾರೆ) ತೋರಿಸಬೇಕು ಅಂತಾರೆ, ಅದು ಸಮುದ್ರ ಮಟ್ಟದ ಲೆಕ್ಕ. ಹಾಸನ ಇರೋದು ಸುಮಾರು 950 ಮೀಟರ್ ಎತ್ತರದಲ್ಲಿ, ಚಿಕ್ಕಮಗಳೂರು ಅದಕ್ಕಿಂತ ಮೇಲೆ, ಇಲ್ಲಿ ಗಾಳಿ ಒತ್ತಡವೇ ಕಡಿಮೆ, ಪಂಪು ಎಷ್ಟೇ ಚೆನ್ನಾಗಿದ್ರೂ ಮುಳ್ಳು 26-27 ಹತ್ರ ನಿಲ್ಲುತ್ತೆ. ಅದಕ್ಕೆ ಮೆಕ್ಯಾನಿಕ್ ಮೇಲೆ ರೇಗಬೇಡಿ, ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ಅಲ್ಲೇ ಇರುತ್ತಾ ಅಂತ ನೋಡಿ, ವಾಪಸ್ ಬರ್ತಿದ್ರೆ ಎಲ್ಲೋ ಲೀಕ್ ಇದೆ ಅಥವಾ ತೇವ ಇನ್ನೂ ಉಳಿದಿದೆ.

ಎಲೆಕ್ಟ್ರಿಕ್ ಕಾರಿಗೆ ಇದರಲ್ಲಿ ಅರ್ಧ ಅನ್ವಯಿಸಲ್ಲ. ಅಲ್ಲಿ ಬೆಲ್ಟೂ ಇಲ್ಲ ಕ್ಲಚ್ಚೂ ಇಲ್ಲ, ಕಂಪ್ರೆಸರ್ ಒಳಗೇ ಮೋಟಾರ್ ಇದ್ದು ದೊಡ್ಡ ಬ್ಯಾಟರಿಯಿಂದ ಹೈ ವೋಲ್ಟೇಜಲ್ಲಿ ಓಡುತ್ತೆ, ಕೇಸರಿ ಬಣ್ಣದ ದಪ್ಪ ಕೇಬಲ್ ಕಂಡ್ರೆ ಕೈ ಹಾಕಬೇಡಿ. ಬಹಳಷ್ಟು ಗಾಡಿಲಿ ಬ್ಯಾಟರಿ ತಂಪು ಮಾಡೋದೂ ಇದೇ ಕಂಪ್ರೆಸರ್. ಅದಕ್ಕೆ ಕರೆಂಟ್ ಹರಿಯಬಿಡದ ಬೇರೆ ಆಯಿಲ್ ಇರುತ್ತೆ, ಪಿಎಜಿ ಸ್ವಲ್ಪ ಬೆರೆತ್ರೂ ಇನ್ಸುಲೇಷನ್ ಕೆಟ್ಟು ಗಾಡಿ ಫಾಲ್ಟ್ ತೋರಿಸಿ ನಿಲ್ಲಬಹುದು, ಹಾಗಾಗಿ ಪೆಟ್ರೋಲ್ ಕಾರಿಗೆ ಬಳಸಿದ ಪೈಪು ಮೆಷಿನ್ನನ್ನೇ ಇದಕ್ಕೂ ಹಾಕ್ತಾರಾ ಅಂತ ಕೇಳಿನೇ ಗಾಡಿ ಬಿಡಿ.